ಎತ್ತಿನಗಾಡಿ ಟೈರಿನ ಇಂಗ್ಲಿಷ್ ಕಾರು

ನಗೆಪಾಟಲಾಗುವುದಕ್ಕೆ ನಮ್ಮ ಮನೆಯವರು ಊರು ಸುತ್ತಬೇಕಾಗಿಲ್ಲ. ಪೋರ್ಟಿಕೋದಲ್ಲಿ ಒಂದು ಕಾರಿದೆ, ಅಷ್ಟೇ ಸಾಕು. ಮಾನ ಕಳೆಯುವುದಕ್ಕೆ ಅದು ಓಡಲೂ ಬೇಕಾಗಿಲ್ಲ.

ನಮ್ಮದು ದೊಮ್ಮಲೂರಿನ ಹಳೇ ಊರೊಳಗಿನ ಮನೆ. ತೋಟವಿದ್ದ ಕಾಲದಲ್ಲಿ ನಮ್ಮ ಮಾವನವರು ಕಂಟೋನ್ಮೆಂಟಿನ ಬಂಗಲೆಗಳಿಗೆ ತರಕಾರಿ ಹಾಕುತ್ತಿದ್ದರು. ಊರು ಬಿಟ್ಟು ಹೊರಟ ಒಬ್ಬ ಡಾಕ್ಟರರಿಂದ ಈ ಇಂಗ್ಲಿಷ್ ಕಾರು ಕೊಂಡು ತಂದರಂತೆ. ಮಾವ ಹೋದ ಮೇಲೆ ಕಾರು ನಾಲ್ಕು ಸೈಜುಗಲ್ಲುಗಳ ಮೇಲೆ ಕೂತಿತು, ಚಕ್ರಗಳು ಅಟ್ಟ ಸೇರಿದವು. ಪೋರ್ಟಿಕೋ ಪೂರ್ತಿ ಅದರದ್ದೇ. ನನ್ನ ಸ್ಕೂಟರ್ ಮಾತ್ರ ಬೀದಿಯಲ್ಲಿ. ಬೇಸಿಗೆಯಲ್ಲಿ ಅದರ ಸೀಟಿನ ಮೇಲೆ ದೋಸೆ ಹುಯ್ಯಬಹುದು, ಮಳೆಗಾಲದಲ್ಲಿ ಸೀಟು ಹಿಂಡಿ ಕೂರಬೇಕು. ಹಾಗೆ ಒದ್ದೆಯಾಗಿಯೇ ನಾನು ಸ್ಕೂಲಿನ ಆಫೀಸಿಗೆ ಕೆಲಸಕ್ಕೆ ಹೋಗುತ್ತಿದ್ದೆ.

ಹೀಗಿರುವಾಗ ಇಂದಿರಾನಗರದ ಒಬ್ಬ ಹೋಟೆಲ್ ಮಾಲೀಕ ಬಂದು ಕಾರು ಕೇಳಿದ. ಹೋಟೆಲ್ ಮುಂದೆ ನಿಲ್ಲಿಸಿ, ಬಾನೆಟ್ ತೆಗೆದು, ಒಳಗೆ ಮಣ್ಣು ತುಂಬಿ ಗಿಡ ನೆಡುತ್ತಾನಂತೆ. ನಮ್ಮೆಜಮಾನರ ಮುಖ ಬಿಳಿಚಿಕೊಂಡಿತು. "ಅಪ್ಪನ ಕಾರಲ್ಲಿ ಕ್ರೋಟನ್ನಾ? ನಾನು ರಿಪೇರಿ ಮಾಡಿಸ್ತೀನಿ ಕಣೇ" ಅಂದರು. ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ರಿಟೈರ್ ಆದ ಮನುಷ್ಯ, ಸ್ಪ್ಯಾನರನ್ನು ಚಮಚ ಹಿಡಿದಂತೆ ಹಿಡಿಯುತ್ತಾರೆ.

ನಾನು ಅತ್ತೆಯವರ ಮುಂದೆಯೇ ಷರತ್ತು ಹಾಕಿದೆ. "ಆಯುಧಪೂಜೆ ದಿನ ಕತ್ತಲಾಗೋದ್ರೊಳಗೆ ಈ ಕಾರು ತನ್ನ ಚಕ್ರದ ಮೇಲೆ ನಮ್ಮ ಗೇಟು ದಾಟ್ಬೇಕು. ದಾಟಿದ್ರೆ ಇಲ್ಲೇ ಇರ್ಲಿ, ಇಲ್ಲಾಂದ್ರೆ ಹೋಟ್ಲಿಗೆ." ಅತ್ತೆ ಎಲೆ ಅಡಿಕೆ ಕುಟ್ಟುತ್ತಾ "ಮಾತು ಅಂದ್ರೆ ಮಾತು, ಇಬ್ರೂ ತಪ್ಪಬಾರ್ದು" ಅಂದರು. ಎಂಜಿನ್ನನ್ನು ರಾಮಮೂರ್ತಿನಗರದ ಮೆಕ್ಯಾನಿಕ್ ಬಿಚ್ಚಿಕೊಂಡು ಹೋದ. ಚಕ್ರದ ಹೊಣೆ ಇವರ ತಲೆಗೆ ಬಿತ್ತು. ಗೆಲ್ಲುವುದು ನಾನೇ ಎಂದು ನನಗೆ ಗ್ಯಾರಂಟಿ ಇತ್ತು.

೧. ಆಟೋದವರ ಕಣ್ಣು

ಸೈಕಲ್ಲಿನ ಹಾಗೆ ಕಡ್ಡಿಗಳಿರುವ ಚಕ್ರಗಳು ಅವು. ಇಂಥದ್ದನ್ನು ಬಿಚ್ಚಿ ಕಟ್ಟುವ ಮೇಸ್ತ್ರಿಯೊಬ್ಬರು ಶಿವಾಜಿನಗರದಲ್ಲಿ ಸಿಕ್ಕರು. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಅಂಗಡಿ ಮುಚ್ಚಿದರೆ, ಆಮೇಲೆ ಮಗಳ ಮದುವೆಗೆ ಊರಿಗೆ ಹೊರಡುತ್ತಾರೆ. ಅಷ್ಟರೊಳಗೆ ತಂದರೆ ಮಾತ್ರ ಕೆಲಸ.

ಆಟೋ ಹತ್ತಿದೆವು. ಇವರ ತೊಡೆಯ ಮೇಲೊಂದು ಚಕ್ರ, ನನ್ನ ತೊಡೆಯ ಮೇಲೊಂದು. ಮಿಕ್ಕೆರಡು ಕಾಲ ಬಳಿ. ಹಲಸೂರು ಕೆರೆ ದಾಟುವ ಹೊತ್ತಿಗೆ ಆಟೋ ಒಂದು ಕಡೆ ವಾಲಿತು. ಪಂಕ್ಚರ್. ಸ್ಟೆಪ್ನಿಯೂ ಇಲ್ಲ. ಇವರು ಗಡಿಯಾರ ನೋಡುತ್ತಾರೆ, ಬೆವರೊರೆಸಿಕೊಳ್ಳುತ್ತಾರೆ, ಮತ್ತೆ ಗಡಿಯಾರ ನೋಡುತ್ತಾರೆ. ಬೇರೆ ಆಟೋದವರು ಚಕ್ರಗಳನ್ನು ಕಂಡ ಕೂಡಲೇ ಕೈ ಅಲ್ಲಾಡಿಸಿ ಹೋಗಿಬಿಡುತ್ತಿದ್ದರು.

ನಮ್ಮ ಆಟೋದವರು ಸೊಂಟದ ಮೇಲೆ ಕೈಯಿಟ್ಟುಕೊಂಡು ತಮ್ಮ ಚಪ್ಪಟೆಯಾದ ಚಕ್ರ ನೋಡಿದರು. ಆಮೇಲೆ ನನ್ನ ತೊಡೆಯ ಮೇಲಿದ್ದುದನ್ನು ನೋಡಿದರು.

"ಸಾರ್, ಬೇಜಾರ್ ಮಾಡ್ಕೋಬೇಡಿ. ನಾಲ್ಕಿದೆಯಲ್ಲ ನಿಮ್ಮತ್ರ. ಒಂದು ಹಾಕಿ ನೋಡೋಣ್ವಾ?"

೨. ಡ್ರಮ್ಮಿನೊಳಗಿನ ಗುಟ್ಟು

ಯಾರೋ ಪುಣ್ಯಾತ್ಮರು ಸ್ಟೆಪ್ನಿ ಕೊಟ್ಟರು. ಮೇಸ್ತ್ರಿಯ ಶಟರ್ ಅರ್ಧ ಇಳಿದಾಗ ತಲುಪಿದೆವು. ಅವರು ಚಕ್ರಗಳನ್ನು ತಿರುಗಿಸಿ ನೋಡಿ "ಕಾರು ಸಮುದ್ರದಲ್ಲಿ ಓಡಿಸ್ತಿದ್ರಾ ಸಾಬ್?" ಅಂದರು. ಕಡ್ಡಿಗಳನ್ನು ಕತ್ತರಿಸಿ ತೆಗೆದು ಬರೀ ರಿಮ್ಮುಗಳನ್ನು ವಾಪಸು ಕೊಟ್ಟರು. "ತುಕ್ಕು ಪೂರಾ ಬಿಡಿಸ್ಕೊಂಡು ತನ್ನಿ. ಊರಿಂದ ಬಂದ್ಮೇಲೆ ಹೊಸ ಕಡ್ಡಿ ಹಾಕಿ ಕೊಡ್ತೀನಿ."

ಬೆಲ್ಲದ ನೀರಿನಲ್ಲಿ ನೆನೆಹಾಕಿದರೆ ತುಕ್ಕು ತಾನಾಗಿ ಬಿಡುತ್ತದೆ ಎಂದು ಇವರು ಮೊಬೈಲಿನಲ್ಲಿ ಎಲ್ಲೋ ನೋಡಿದರು. ಕಪ್ಪು ಬೆಲ್ಲ ಮೂಟೆಗಟ್ಟಲೆ ಬಂತು. ಹಿತ್ತಲಿನಲ್ಲಿ ನೀಲಿ ಡ್ರಮ್ಮು ಬಂತು. ರಿಮ್ಮುಗಳು ಮುಳುಗಿದವು. ವಾರ ಕಳೆಯುವುದರೊಳಗೆ ಡ್ರಮ್ಮು ಗುಳುಗುಳು ಅನ್ನತೊಡಗಿತು, ಹುಳಿವಾಸನೆ ಬೀದಿಯ ತುದಿಗೂ ಮುಟ್ಟಿತು. ಒಂದು ಬೆಳಿಗ್ಗೆ ಕಾನ್‌ಸ್ಟೇಬಲ್ ಒಬ್ಬರು ಮೂಗು ಅರಳಿಸಿಕೊಂಡು ಒಳಗೆ ಬಂದರು.

"ಏನ್ರೀ ಇದು ಡ್ರಮ್ಮಲ್ಲಿ?"

ಪೊಲೀಸರನ್ನು ಕಂಡರೆ ಇವರಿಗೆ ನಾಲಗೆ ಒಣಗುತ್ತದೆ. "ಬೆಲ್ಲ ಸಾರ್. ಕೊಳೆಯೋಕೆ ಹಾಕಿದ್ದೀನಿ."

"ಮಾರೋಕಾ?"

"ಛೇ ಛೇ, ಮನೆ ಬಳಕೆಗೆ ಸಾರ್!"

ಸ್ಕೂಲಿಗೆ ಸುದ್ದಿ ಮುಟ್ಟಿದರೆ ನನ್ನ ಕೆಲಸದ ಗತಿಯೇನು ಎಂದು ಹೆದರಿದೆ. ಮಗನಿಗೆ ಸಹಾಯವಾಗಲಿ ಎಂದು ಅತ್ತೆ ಬಾಗಿಲಿಗೆ ಬಂದರು. "ಒಳ್ಳೇ ಹುಡುಗ ಸಾಮಿ ನನ್ನ ಮಗ. ಆದ್ರೆ ಈಗೀಗ ಬೆಳಿಗ್ಗೆ ಎದ್ರೆ ಮುಖಾನೂ ತೊಳಿಯಲ್ಲ, ಮೊದ್ಲು ಹೋಗಿ ಆ ಡ್ರಮ್ ಮುಂದೆ ನಿಲ್ತಾನೆ."

ಕಾನ್‌ಸ್ಟೇಬಲ್ ತಲೆಯಾಡಿಸಿದರು. ಲಾಠಿಯನ್ನು ಡ್ರಮ್ಮಿಗೆ ಇಳಿಸಿ ಕಲಕಿದರು. ಏನೋ ಸಿಕ್ಕಿಕೊಂಡಿತು. ಎತ್ತಿದರು. ಪಾಕ ಸುರಿಸುತ್ತಾ ಒಂದು ರಿಮ್ಮು ಲಾಠಿಗೆ ನೇತಾಡಿಕೊಂಡು ಮೇಲೆ ಬಂತು. ಇವರು ಪೋರ್ಟಿಕೋಗೆ ಓಡಿ, ಕಾರಿಗೆ ಹೊದಿಸಿದ್ದ ಟಾರ್ಪಾಲು ಸರಿಸಿ ತೋರಿಸಿದರು. ಕಾನ್‌ಸ್ಟೇಬಲ್ ಕಾರು ನೋಡಿದರು, ರಿಮ್ಮು ನೋಡಿದರು, ಇವರನ್ನೂ ಸ್ವಲ್ಪ ಹೊತ್ತು ನೋಡಿದರು.

"ಕಳ್ಳಭಟ್ಟಿಗೆ ಹಳೇ ಬ್ಯಾಟರಿ ಹಾಕೋರನ್ನ ಹಿಡಿದಿದ್ದೀನಿ. ಇಡೀ ಕಾರನ್ನೇ ಬಿಚ್ಚಿ ಹಾಕೋರನ್ನ ಇವತ್ತೇ ನೋಡಿದ್ದು!"

೩. ಎತ್ತು ಯಾವ ಜಾತಿ?

ತುಕ್ಕು ನಿಜಕ್ಕೂ ಬಿಟ್ಟಿತು. ಅದು ನನಗೆ ಅಷ್ಟೇನೂ ಹಿಡಿಸಲಿಲ್ಲ. ಮದುವೆ ಮುಗಿಸಿ ಬಂದ ಮೇಸ್ತ್ರಿ ಕಡ್ಡಿ ಹಾಕಿಕೊಟ್ಟರು, ಚಕ್ರಗಳು ಫಳಫಳ ಹೊಳೆದವು. ಇನ್ನು ಟೈರು. ಕಮ್ಮನಹಳ್ಳಿಯ ದೊಡ್ಡ ಟೈರಂಗಡಿಯಲ್ಲಿ ಕೇಳಿದರೆ "ಈ ಸೈಜು ಫಾರಿನ್‌ನಿಂದ ಬರ್ಬೇಕು, ಸಂಕ್ರಾಂತಿ ಹೊತ್ತಿಗೆ ನೋಡೋಣ" ಅಂದರು. ಆಯುಧಪೂಜೆಗೆ ಉಳಿದಿದ್ದು ಒಂದೇ ವಾರ. ಆ ರಾತ್ರಿ ಇವರು ಊಟ ಬಿಟ್ಟರು. ಮಾರನೆಯ ದಿನ ಶಿವಾಜಿನಗರದ ಮೇಸ್ತ್ರಿಯೇ ಫೋನಿನಲ್ಲಿ ದಾರಿ ಹೇಳಿದರು: "ಎತ್ತಿನಗಾಡಿ ಟೈರು ಅದೇ ಸೈಜು ಸಾಬ್. ಕೆ.ಆರ್.ಪುರದಲ್ಲಿ ಸಿಗುತ್ತೆ."

ನನ್ನ ಸ್ಕೂಟರಿನಲ್ಲೇ ಹೋದೆವು. ನಾನು ಸೋಲುವುದಕ್ಕೆ ನಾನೇ ಪೆಟ್ರೋಲು ಹಾಕಿಸಿದೆ. ಅಂಗಡಿಯವರು ಇವರ ಇಸ್ತ್ರಿ ಷರ್ಟು, ಕನ್ನಡಕ ನೋಡಿ ಯಾರೋ ದೊಡ್ಡ ಜಮೀನುದಾರರು ಅಂದುಕೊಂಡರೋ ಏನೋ, ಕುರ್ಚಿ ಹಾಕಿದರು.

"ನಾಲ್ಕು ಟೈರಾ? ಎರಡು ಗಾಡೀನಾ ಸಾರ್?"

"ಅಲ್ಲ, ಒಂದೇ."

ಅವರಿಗೆ ಲೆಕ್ಕ ಹತ್ತಲಿಲ್ಲ. "ನಾಲ್ಕು ಚಕ್ರದ ಗಾಡೀನಾ! ಎತ್ತು ಭಾರಿ ಇರ್ಬೇಕು. ಯಾವ್ದು, ಹಳ್ಳಿಕಾರಾ?"

ಕಾರಿಗೆ ಎತ್ತಿನಗಾಡಿ ಟೈರು ಎಂದು ಹೇಳಲು ಇವರಿಗೆ ನಾಚಿಕೆ. ಆದರೆ ಕಾರಿನ ವಂಶ ಬಿಟ್ಟುಕೊಡಲೂ ಮನಸ್ಸಿಲ್ಲ. ಎದೆ ಸೆಟೆಸಿ "ನಮ್ದು ಇಂಗ್ಲೆಂಡಿಂದು" ಅಂದರು.

ಅಂಗಡಿಯವರು ಕೈಲಿದ್ದ ಟೈರನ್ನು ಕೆಳಗಿಟ್ಟರು. ದನಿ ತಗ್ಗಿಸಿ, ಅಣ್ಣನಿಗೆ ಬುದ್ಧಿ ಹೇಳುವವರ ಹಾಗೆ ಹೇಳಿದರು:

"ಮೋಸ ಹೋಗಿದ್ದೀರಾ ಸಾರ್. ಸೀಮೆ ತಳಿ ಹಾಲಿಗೆ ಸರಿ. ಗಾಡಿ ಎಳಿಯಲ್ಲ!"

೪. ಅರ್ಧ ಮೀಸೆ

ಟೈರಿಗೆ ಗಾಳಿ ಎಷ್ಟು ತುಂಬಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಬೀದಿಯ ಪಂಕ್ಚರ್ ಅಂಗಡಿಯವರು "ಕೂತ್ಕೊಳೋವರೆಗೂ ತುಂಬ್ತೀನಿ, ಎಲ್ಲರೂ ದೂರ ನಿಂತ್ಕೊಳ್ಳಿ" ಅಂದರು. ನಾವು ಲೈಟುಕಂಬದ ಹಿಂದೆ ನಿಂತೆವು. ಕಂಬ ಒಂದು, ಅದರ ಹಿಂದೆ ಆರು ಜನ. ಟೈರು ಉಬ್ಬಿತು, ಕಿರುಗುಟ್ಟಿತು. ಇವರು ಕಣ್ಣು ಮುಚ್ಚಿ ನನ್ನ ಕೈ ಹಿಡಿದುಕೊಂಡರು. ಢಮ್!

ಸಿಡಿದಿರಲಿಲ್ಲ, ಟೈರಿನ ಅಂಚು ರಿಮ್ಮಿಗೆ ಸರಿಯಾಗಿ ಕೂತ ಸದ್ದು ಅದು. ನಾವೆಲ್ಲ ಉಸಿರು ಬಿಟ್ಟು ನಗುವಷ್ಟರಲ್ಲಿ ಪಕ್ಕದ ಕ್ಷೌರದಂಗಡಿಯಿಂದ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡ ಒಬ್ಬರು ಹೊರಗೆ ಬಂದರು. ಮುಖದ ಬಲಗಡೆ ದಪ್ಪ ಮೀಸೆ, ಎಡಗಡೆ ಏನೂ ಇಲ್ಲ.

"ಇನ್ನೂ ಎಷ್ಟು ಟೈರಿದೆ?" ಅಂತ ಕೇಳಿದರು.

"ಮೂರಿದೆ" ಅಂದರು ಇವರು.

ಅವರು ಕ್ಷೌರಿಕರ ಕಡೆ ತಿರುಗಿದರು. "ಹಂಗಾದ್ರೆ ಇದನ್ನೂ ಈಗ್ಲೇ ತೆಗೆದ್ಬಿಡಪ್ಪಾ. ಆಮೇಲೆ ಮೂಗು ಹೋದೀತು!"

೫. ಗೇಟು

ಆಯುಧಪೂಜೆಯ ದಿನ ಬೆಳಿಗ್ಗೆ ಜಾಕ್ ಕೊಟ್ಟು, ಸೈಜುಗಲ್ಲು ತೆಗೆದು, ಕಾರನ್ನು ಚಕ್ರಗಳ ಮೇಲೆ ಇಳಿಸಿದರು. ಮದುವಣಗಿತ್ತಿಯ ಹಾಗೆ ಕಾಣುತ್ತಿತ್ತು. ಆದರೆ ಎಂಜಿನ್ ಇಲ್ಲ. ಬ್ರೇಕೂ ಇಲ್ಲ, ಅದನ್ನೂ ಮೆಕ್ಯಾನಿಕ್ಕೇ ಬಿಚ್ಚಿಕೊಂಡು ಹೋಗಿದ್ದ. ನಮ್ಮ ಪೋರ್ಟಿಕೋದಿಂದ ಗೇಟಿನವರೆಗೆ ಇಳಿಜಾರು. ಹೀಗಾಗಿ ಕೈಗೆ ಸಿಕ್ಕ ಒಂದು ಕಲ್ಲನ್ನು ಇವರು ಮುಂದಿನ ಚಕ್ರಕ್ಕೆ ಒತ್ತಾಗಿ ಇಟ್ಟರು.

ಅತ್ತೆ ಬೆಳಗಿನಿಂದ ಮನೆಯ ಆಯುಧಗಳನ್ನೆಲ್ಲ ಪೂಜೆಗೆ ಜೋಡಿಸುತ್ತಿದ್ದರು. ಈಳಿಗೆಮಣೆ, ಕತ್ತರಿ, ಹೊಲಿಗೆ ಯಂತ್ರ, ಇವರ ಸ್ಪ್ಯಾನರು. ನಡುನಡುವೆ ಏನನ್ನೋ ಹುಡುಕಿಕೊಂಡು ಅಡುಗೆಮನೆಗೂ ಹಿತ್ತಲಿಗೂ ಓಡಾಡುತ್ತಿದ್ದರು. ಆ ಗಡಿಬಿಡಿಯಲ್ಲಿ ನಾನು ವಿಚಾರಿಸಲಿಲ್ಲ.

ಮೆಕ್ಯಾನಿಕ್ "ಬಂದ್ಬಿಟ್ಟೆ ಸಾರ್, ದಾರೀಲಿದ್ದೀನಿ" ಎಂದು ಮಧ್ಯಾಹ್ನದವರೆಗೆ ಹೇಳಿದ. ಆಮೇಲೆ ಫೋನ್ ಎತ್ತಲಿಲ್ಲ. ಸಂಜೆ ಐದಕ್ಕೆ ಹೋಟೆಲ್ ಮಾಲೀಕ ಟೋಯಿಂಗ್ ಗಾಡಿ ತಂದು ಬೀದಿಯಲ್ಲಿ ಸ್ವಲ್ಪ ಆಚೆಗೆ ನಿಲ್ಲಿಸಿ, ಗೇಟನ್ನು ಅಗಲವಾಗಿ ತೆಗೆದ.

ಇವರು ಹೊಸ ಪಂಚೆಯ ಅಂಚಿನಲ್ಲಿ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಒರೆಸುತ್ತಾ ಕೂತಿದ್ದರು. ನನಗೆ ಗೆದ್ದ ಖುಷಿ ಬರಲೇ ಇಲ್ಲ. ಷರತ್ತು ವಾಪಸು ತಗೊಳ್ಳೋಣವೆಂದರೆ, ಮಾತು ತಪ್ಪಬಾರದು ಎಂದು ಅತ್ತೆ ಹೇಳಿಬಿಟ್ಟಿದ್ದಾರೆ.

"ಹೋಗೋ ಮುಂಚೆ ಪೂಜೆ ಆಗ್ಲಿ" ಅಂದರು ಅತ್ತೆ. ನಾಲ್ಕು ಚಕ್ರಕ್ಕೂ ತಾವೇ ಬಗ್ಗಿ ನಿಂಬೆಹಣ್ಣಿಟ್ಟರು. ಆಮೇಲೆ ಸೆರಗು ಹೊದ್ದು, ಹಿಂದಿನ ಸೀಟಿನಲ್ಲಿ ಮಾವನವರ ಕಾಲದಲ್ಲಿ ತಾವು ಕೂರುತ್ತಿದ್ದ ಜಾಗದಲ್ಲಿ ಕೂತರು. ಇವರು ಕಾರಿನ ಮುಂದೆ ನಿಂತು, ಬೂದುಗುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿ ದೃಷ್ಟಿ ತೆಗೆಯತೊಡಗಿದರು. ಅತ್ತೆ ಬಾಗಿಲನ್ನು ಧಡಾರನೆ ಎಳೆದುಕೊಂಡರು.

ಪಚಕ್ ಎಂದು ನಿಂಬೆಹಣ್ಣುಗಳು ಅಪ್ಪಚ್ಚಿಯಾದವು. ಕಾರು ಹೊರಟಿತು.

ಉರಿಯುವ ಕುಂಬಳಕಾಯಿ ಹಿಡಿದ ಇವರು ಹಿಂದೆ ಹಿಂದೆ ಹೆಜ್ಜೆ ಇಡುತ್ತಾರೆ, ಕಾರು ಇವರನ್ನೇ ನೋಡಿಕೊಂಡು ಬರುತ್ತದೆ. ಮಹಡಿ ಮೇಲಿನ ಬಾಡಿಗೆಯವರು ಎಂಜಿನ್ ಬಂದಿದೆ ಅಂದುಕೊಂಡು ಚಪ್ಪಾಳೆ ತಟ್ಟಿದರು. ನಾನು "ಅತ್ತೇ!" ಎಂದು ಕಿರುಚಿ ಹಿಂದಿನ ಬಂಪರ್ ಹಿಡಿದು ಎಳೆದೆ. ನಾನು ಅದನ್ನು ಎಳೆದೆನೋ, ಅದು ನನ್ನನ್ನು ಎಳೆಯಿತೋ, ಒಂದು ಚಪ್ಪಲಿ ಪೋರ್ಟಿಕೋದಲ್ಲೇ ಉಳಿಯಿತು. ಗೇಟಿನಲ್ಲಿ ವೀಡಿಯೊ ಮಾಡುತ್ತಿದ್ದ ಹೋಟೆಲ್ ಮಾಲೀಕ ಚರಂಡಿಯ ಆಚೆಗೆ ಹಾರಿದ. ಇವರು ಕುಂಬಳಕಾಯಿಯನ್ನು ರಸ್ತೆಗೆ ಎಸೆದು ಪಕ್ಕಕ್ಕೆ ಉರುಳಿದರು. ಕಾಯಿ ಶಾಸ್ತ್ರೋಕ್ತವಾಗಿ ಒಡೆಯಿತು. ಕಾರು ಅದರ ಮೇಲೆ ಹಾದು, ಗೇಟು ದಾಟಿ, ಬೀದಿ ದಾಟಿ, ಎದುರುಮನೆಯವರು ಕಟ್ಟಡಕ್ಕೆಂದು ಸುರಿಸಿದ್ದ ಮರಳಿನ ರಾಶಿಗೆ ಮೂತಿ ತೂರಿಸಿ ನಿಂತಿತು.

ಎಲ್ಲರೂ ಓಡಿದೆವು. ಅತ್ತೆ ಅಲುಗದೆ ಕೂತಿದ್ದರು, ಹೊದ್ದ ಸೆರಗು ಕೂಡ ಸರಿದಿರಲಿಲ್ಲ.

"ನನ್ನ ಮಗ ಗೆದ್ದ" ಅಂದರು.

"ಅತ್ತೆ, ಎಂಜಿನ್ನೇ ಇಲ್ಲ!"

"ನೀನೇನಮ್ಮ ಅಂದಿದ್ದು? ತನ್ನ ಚಕ್ರದ ಮೇಲೆ ಗೇಟು ದಾಟ್ಬೇಕು ಅಂತ. ದಾಟ್ತು. ಇನ್ನೂ ಕತ್ತಲೂ ಆಗಿಲ್ಲ. ಎಂಜಿನ್ ಮಾತು ಬಂದಿತ್ತಾ?"

ಮಾಡಿದ್ದುಣ್ಣೋ ಮಹರಾಯ. ನನಗೆ ನಗುವೂ ಅಳುವೂ ಒಟ್ಟಿಗೆ ಬಂತು, ಇವರಂತೂ ಬೀದಿಯಲ್ಲೇ ಕೂತು ಚಕ್ರಕ್ಕೆ ಕೈಮುಗಿದರು. ಚರಂಡಿಯ ಆಚೆಯಿಂದ ಹೋಟೆಲ್ ಮಾಲೀಕ ಕೂಗಿದ. "ಅಜ್ಜೀ, ಹಂಗಾದ್ರೆ ನನ್ ಗಿಡಗಳ ಕಥೆ?"

"ಹಿತ್ತಲಲ್ಲಿ ನೀಲಿ ಡ್ರಮ್ಮಿದೆ ತಗೊಂಡ್ಹೋಗಪ್ಪಾ. ಬೆಲ್ಲದ ನೀರು, ಗಿಡ ಚೆನ್ನಾಗ್ ಬರುತ್ತೆ."

ಕಾರು ಮರಳಲ್ಲಿ ಹೂತು ಕೂತಿದ್ದರಿಂದ ಪೋರ್ಟಿಕೋ ಖಾಲಿಯಾಯಿತು. ಮೊದಲ ಸಲ ನನ್ನ ಸ್ಕೂಟರಿಗೆ ಒಂದು ದಿನದ ನೆರಳು ಸಿಕ್ಕಿತು. ಅದೆಲ್ಲ ಆಮೇಲೆ. ಮೊದಲು ಅತ್ತೆಯನ್ನು ಇಳಿಸಿಕೊಳ್ಳೋಣವೆಂದು ಬಾಗಿಲು ತೆಗೆದೆ. ಅವರ ತೊಡೆಯ ಮೇಲೆ, ಸೆರಗಿನೊಳಗೆ ಏನೋ ದಪ್ಪಗೆ ಕಂಡಿತು. ಸರಿಸಿ ನೋಡಿದರೆ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿದ ಒಂದು ಗುಂಡುಕಲ್ಲು. ಬೆಳಿಗ್ಗೆ ಇವರು ಚಕ್ರಕ್ಕೆ ಒತ್ತು ಕೊಟ್ಟಿದ್ದ ಕಲ್ಲು ಅದೇ.

"ಅತ್ತೆ, ಇದನ್ನ ಯಾವಾಗ ತೆಗೆದ್ರಿ?"

"ಬೆಳಗಿಂದ ಹುಡುಕ್ತಿದ್ದೆ ಕಣಮ್ಮ, ನಿಂಬೆಹಣ್ಣು ಇಡೋವಾಗ ಸಿಕ್ತು. ದಿನಾ ನಮಗೆ ಚಟ್ನಿ ಅರೆದು ಕೊಡೋ ಕಲ್ಲು, ಆಯುಧಪೂಜೆ ದಿನಾನೇ ಅದನ್ನ ಚಕ್ರದ ಕೆಳಗೆ ಹಾಕಿದ್ದಾನಲ್ಲ ಇವ್ನು! ಅದೂ ಪಾಪ ಯಾವತ್ತೂ ಕಾರಲ್ಲಿ ಕೂತಿರ್ಲಿಲ್ಲ, ಅದಕ್ಕೇ ಜೊತೇಲಿ ಕೂರಿಸ್ಕೊಂಡೆ!"