ಲ್ಯಾಟಿನ್ನು, ಭಜನೆ, ನಡುವೆ ನನ್ನ ಪೇಟಿ

ಹಳೆಯದು ಯಾವುದು, ಹೊಸದು ಯಾವುದು ಎಂದು ಕೇಳಿದರೆ ನಾನೀಗ ಬಾಯಿ ಬಿಡುವುದಿಲ್ಲ. ಅದು ನಮ್ಮ ಮನೆಯಲ್ಲೇ ತಲೆಕೆಳಗಾಗಿ ಕೂತಿದೆ. ನಾವು ಹುಬ್ಬಳ್ಳಿಯ ಕ್ಯಾಥೊಲಿಕ್ಕರು. ಭಾನುವಾರದ ಪೂಜೆಗೆ ಚರ್ಚಿನಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವನು ನಾನು. ಊರಲ್ಲಿ ನನಗಿರುವ ಮರ್ಯಾದೆ ಅದೊಂದೇ. ಮನೆಯಲ್ಲಿ ಅದೂ ಇಲ್ಲ. ಕಾಲೇಜಿಗೆ ಹೋಗುವ ಮಗಳು ಸ್ಟೆಲ್ಲಾ ಫೋನಿನಲ್ಲಿ ಏನು ನೋಡಿದಳೋ, ತಲೆಗೆ ಬಿಳಿ ಮುಸುಕು ಹಾಕಿಕೊಂಡು, ಪರಮಪ್ರಸಾದವನ್ನು ಕೈಯಲ್ಲಿ ತೆಗೆದುಕೊಳ್ಳುವುದು ಬಿಟ್ಟು, ಮೊಣಕಾಲೂರಿ ನಾಲಿಗೆಯ ಮೇಲೆ ಸ್ವೀಕರಿಸತೊಡಗಿದಳು. ಚರ್ಚಿನ ಹಬ್ಬಕ್ಕೆ ಪ್ರಸಾದದ ನಂತರ ಲ್ಯಾಟಿನ್ ಹಾಡೇ ಆಗಬೇಕಂತೆ. "ಪಪ್ಪಾ, ಅದ ನಮ್ಮ ಖರೇ ಪರಂಪರಾ" ಎಂದಳು.

ಪ್ರಸಾದದ ನಂತರದ ಆ ಹೊತ್ತಿಗೆ ಪ್ರತಿ ಹಬ್ಬಕ್ಕೂ ನಮ್ಮವ್ವನದೇ ಭಜನೆ. ಎಂಬತ್ತು ದಾಟಿದ ಅವ್ವ ಚಾಪೆಯ ಮೇಲೆ ಕೂತು ತನ್ನ ತಾಳ ಒರೆಸುತ್ತಿದ್ದಳು. "ಆ ಪರಂಪರಾ ನಾ ಕಂಡೇನಿ, ತಂಗಿ. ಫಾದರು ನಮಗ ಬೆನ್ನು ಮಾಡಿ ನಿಂತು ಲ್ಯಾಟಿನ್ನಿನ್ಯಾಗ ಏನೋ ಅಂತಿದ್ರು, ಒಂದೂ ತಿಳೀತಿದ್ದಿಲ್ಲ, ನಾವು ಹಿಂದ ಕುಂತು ಜಪಸರ ಎಣಸ್ತಿದ್ವಿ. ಪೂಜಿಗೆ ಕನ್ನಡ ಬಂದು, ಆರತಿ ಬಂದ ಮ್ಯಾಲೆ ದೇವರು ನಮ್ಮ ಮನಿ ಮಂದಿ ಆದ. ನಂದು ಹೊಸಾದು, ಇರವಲ್ದ್ಯಾಕ" ಎಂದಳು. ಸರಿ, ಅಜ್ಜಿ ಆಧುನಿಕಳು, ಮೊಮ್ಮಗಳು ಮುದುಕಿ. ಫಾದರನ್ನು ಕೇಳಿದರೆ "ನಿಮ್ಮ ಮನ್ಯಾಗಿನ ಜಗಳ ನೀವ ಬಗೀಹರಸ್ರಿ" ಎಂದು ಜಾರಿಕೊಂಡರು.

ನನಗೂ ಕುತೂಹಲ. ಇಬ್ಬರೂ ಹಾಡಿ ತೋರಿಸಿ ಎಂದು ಪೇಟಿ ಹಿಡಿದು ಕೂತೆ. ಸ್ಟೆಲ್ಲಾಳ ಹಾಡಿಗೆ ತಾಳವೇ ಇಲ್ಲ, ಎಲ್ಲೋ ಶುರುವಾಗಿ ಎಲ್ಲೋ ನಿಲ್ಲುತ್ತದೆ. ಆದರೆ ಅರ್ಥವಾಗದ ಆ ಮಾತಿಗೆ ನನ್ನ ಮೈ ಯಾಕೆ ಜುಮ್ಮೆಂದಿತೋ. ನೋಡಿದರೆ ಅವ್ವನ ತುಟಿಯೂ ಅಲ್ಲಾಡುತ್ತಿದೆ. "ತಿಳೀತಿದ್ದಿಲ್ಲ ಅಂದೆಲ್ಲ?" ಎಂದೆ. "ತಿಳೀದಿದ್ರ ಏನಾತು, ನಮ್ಮವ್ವ ಹಾಡ್ತಿದ್ಲು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಂದೆ ಅವಳ ಭಜನೆಗೆ ಸ್ಟೆಲ್ಲಾ ತಾನೇ ತಾಳ ಹಾಕಿದಳು.

ರಾಜಿಯಾಯಿತು: ಮೊದಲು ಲ್ಯಾಟಿನ್, ಬೆನ್ನಿಗೇ ಭಜನೆ. "ಆದ್ರ ಪಪ್ಪಾ, ಲ್ಯಾಟಿನ್ನಿಗೆ ಪೇಟಿ ಬಾರಸಂಗಿಲ್ಲ, ಪದ್ಧತಿ ಅಲ್ಲ" ಎಂದಳು ಮಗಳು. ನಾನು ಅವ್ವನ ಮುಖ ನೋಡಿದೆ. "ನನಗೂ ಬ್ಯಾಡಪಾ. ನಿನ್ನ ಮನಸಿಗೆ ನೋವಾಗಬಾರ್ದಂತ ಇಷ್ಟು ವರ್ಷ ಸುಮ್ನಿದ್ದೆ" ಎಂದಳು.

ಹಬ್ಬದ ದಿನ ಮುಚ್ಚಿದ ಪೇಟಿಯ ಹಿಂದೆ ಕೈಕಟ್ಟಿ ಕೂತು ಎರಡೂ ಹಾಡು ಕೇಳಿದೆ. ಹೊಟ್ಟೆ ಉರಿಯುವಷ್ಟು ಚೆನ್ನಾಗಿದ್ದವು. ಪೂಜೆ ಮುಗಿದು ಹೊರಗೆ ಬಂದಾಗ ಫಾದರು ನನ್ನ ಕೈಕುಲುಕಿ, "ಇವತ್ತ ಪೇಟಿ ಭಾಳ ಛಲೋ ಬಾರಿಸಿದ್ರಿ" ಎಂದರು. ಇಷ್ಟು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು.