ನಮ್ಮ ಮನೆಗೆ ಬಂದ ನೀಲಿಕೊರಳು

"ಈ ಚಳಿಗಾಲ ಮುಗಿಯುವುದರೊಳಗೆ ನಾನೊಂದು ಅಪರೂಪದ ಹಕ್ಕಿಯನ್ನು ಪತ್ತೆ ಮಾಡಿಯೇ ತೀರುತ್ತೇನೆ!"

ಹೀಗೆಂದು ನಾನು ಘೋಷಿಸಿದಾಗ ನಮ್ಮವರು ಹಲ್ಲುಜ್ಜುತ್ತಿದ್ದರು. ಬ್ರಷ್ಷನ್ನು ಬಾಯಿಂದ ತೆಗೆಯದೆಯೇ ನಕ್ಕರು. ಬಾಯಿತುಂಬ ನೊರೆ ಇಟ್ಟುಕೊಂಡು ನಗುವ ಗಂಡನನ್ನು ಕಂಡರೆ ಯಾವ ಹೆಂಡತಿಯ ಛಲವಾದರೂ ಇಮ್ಮಡಿಯಾಗುತ್ತದೆ.

"ಕಾಗೆ ಯಾವುದು, ಕೋಗಿಲೆ ಯಾವುದು ಅಂತ ಗೊತ್ತಾ ನಿನಗೆ?"

"ಕೂಗಿದ್ರೆ ಗೊತ್ತಾಗುತ್ತೆ."

"ಕೂಗದೇ ಇದ್ರೆ?"

"ಕಾಯ್ತೀನಿ."

ಕಾಯುವುದರಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಪ್ರತಿ ಚಳಿಗಾಲವೂ ನಾನು ಅಕ್ಕನ ದಾರಿ ಕಾಯುತ್ತಿದ್ದೇನೆ.

ಅಕ್ಕ ಕೆಲಸ ಮಾಡುವುದು ಹಕ್ಕಿಗಳನ್ನು ಎಣಿಸುವ ಕಚೇರಿಯಲ್ಲಿ. ಊರಿಗೆಲ್ಲ ಚಳಿಗಾಲವೆಂದರೆ ಕಂಬಳಿ, ಅವಳಿಗೆ ಸುಗ್ಗಿ. ದೂರದೇಶದ ಹಕ್ಕಿಗಳು ಬಂದಿಳಿಯುವ ಹೊತ್ತಿಗೆ ಅವಳು ಮೊಣಕಾಲುದ್ದದ ಬೂಟು ಹಾಕಿಕೊಂಡು ಯಾವುದೋ ಕೆಸರಿನಲ್ಲಿ ನಿಂತಿರುತ್ತಾಳೆ. ಬೇಸಿಗೆಯಲ್ಲಿ ಅವಳಿಗೆ ಬಿಡುವು. ಆಗ ನನಗೆ ಪರೀಕ್ಷೆಯ ಕಾಲ. ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಮಕ್ಕಳು ಒಡೆದ ಗಾಜು ಗುಡಿಸುತ್ತಿರುತ್ತೇನೆ. ಹೀಗೆ ನಾವಿಬ್ಬರೂ ಒಂದೇ ಬಾಗಿಲಿನ ಎರಡು ಬದಿಗಳಲ್ಲಿ ನಿಂತವರಂತೆ, ಒಬ್ಬಳು ತೆರೆದಾಗ ಇನ್ನೊಬ್ಬಳು ಮುಚ್ಚುತ್ತ ಬಂದಿದ್ದೆವು.

"ಬಾರೇ ಅಕ್ಕ, ಎರಡೇ ದಿನ," ಎಂದು ಫೋನಿನಲ್ಲಿ ಅಂಗಲಾಚಿದ್ದೆ.

"ಎಲ್ಲಿಂದ ಬರ್ಲಿ ಪುಟ್ಟಿ? ನಮ್ಮಲ್ಲಿ ಚಳಿಗಾಲದಲ್ಲಿ ಜ್ವರಕ್ಕೂ ರಜೆ ಇಲ್ಲ. ನಿಮ್ಮೂರಲ್ಲಿ ಏನಾದ್ರೂ ಅಪರೂಪದ್ದು ಕಂಡ್ರೆ ಹೇಳು, ಕಚೇರಿಯೇ ಕಳಿಸುತ್ತೆ. ಅಂಥದ್ದನ್ನ ನಮ್ಮವರೊಬ್ರು ಕಣ್ಣಾರೆ ನೋಡದೆ ಗಣತಿಗೆ ಸೇರಿಸೋ ಹಾಗಿಲ್ಲ."

ಅವಳು ತಮಾಷೆಗೆ ಅಂದದ್ದು. ನಾನು ಅದನ್ನು ಶಾಸನವೆಂದು ಕೆತ್ತಿಟ್ಟುಕೊಂಡೆ.

"ಅಂಥ ಹಕ್ಕಿ ಎಲ್ಲಿ ಸಿಗುತ್ತೆ?"

"ಮನುಷ್ಯರು ಮೂಗು ಮುಚ್ಕೊಳ್ಳೋ ಕಡೆ," ಎಂದು ಅಕ್ಕ ನಕ್ಕಳು. "ಚರಂಡಿ ನೀರು ಕೊನೆಗೆ ನಿಲ್ಲೋ ಹೊಂಡ. ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿ. ಕೆರೆ ಅಂಚಿನ ಜೊಂಡು. ಬೆಳಕು ಹರಿಯೋ ಹೊತ್ತಿಗೆ ಹೋಗು, ಸೂರ್ಯ ಬೆನ್ನ ಹಿಂದೆ ಇರ್ಲಿ. ಜೊಂಡಿನ ತುದಿ ನೋಡ್ತಾ ನಿಲ್ಬೇಡ, ಬುಡ ನೋಡು. ನೀಲಿಕೊರಳು ಅನ್ನೋ ಪುಟಾಣಿ ಅಲ್ಲೇ ಓಡಾಡೋದು. ಕಂದು ಮೈ, ಕಣ್ಣಿನ ಮೇಲೆ ತಿಳಿಬಣ್ಣದ ಹುಬ್ಬು, ಗಂಟಲಲ್ಲಿ ಮಾತ್ರ ನೀಲಿ. ನಿಮ್ಮ ಕಡೆ ಇದುವರೆಗೆ ಯಾರೂ ನೋಡಿಲ್ಲ."

ಅಕ್ಕ ಹಕ್ಕಿಯ ಬಗ್ಗೆ ಹೇಳುವಾಗ ದನಿ ತಗ್ಗುತ್ತದೆ, ಪಕ್ಕದಲ್ಲೇ ಕೂತು ಪಿಸುಗುಟ್ಟಿದಂತೆ.

ಮರುದಿನದಿಂದ ದಂಡಯಾತ್ರೆ! ನಮ್ಮವರು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟರು. ಓಟದ ಪಂದ್ಯಕ್ಕೆಂದು ಇಟ್ಟುಕೊಂಡಿದ್ದ ಅವರ ದುರ್ಬೀನನ್ನು ಕೊರಳಿಗೆ ನೇತುಹಾಕಿಕೊಂಡು ಹೊರಟೆ. ಇಟ್ಟಿಗೆ ಗುಂಡಿಯಲ್ಲಿ ಒಂದು ಶ್ವೇತಪಕ್ಷಿ ಧ್ಯಾನಸ್ಥವಾಗಿ ಕೂತಿತ್ತು. ಉಸಿರು ಬಿಗಿಹಿಡಿದು ಕಾದೆ. ಗಾಳಿ ಬೀಸಿತು. ಪಕ್ಷಿ ಹೊಟ್ಟೆ ಉಬ್ಬಿಸಿಕೊಂಡು, ಬುಡಮೇಲಾಗಿ, ತನ್ನ ಮೈಮೇಲಿದ್ದ ಬಟ್ಟೆ ಅಂಗಡಿಯ ವಿಳಾಸವನ್ನು ನನಗೆ ತೋರಿಸಿ ಹಾರಿಹೋಯಿತು. ಚರಂಡಿ ಹೊಂಡದಲ್ಲಿ ನನ್ನ ಎಡಗಾಲಿನ ಚಪ್ಪಲಿ ಗಣತಿಗೆ ಸೇರಿತು. ಇನ್ನು ಕೆರೆ. ಜೊಂಡಿನ ಬುಡ ನೋಡು ಎಂದಿದ್ದಳಲ್ಲ, ನೋಡಿದೆ. ಬುಡದಲ್ಲಿ ಗಾಳ ಹಿಡಿದ ಮುದುಕರೊಬ್ಬರು ಕೂತಿದ್ದರು.

"ಏನಮ್ಮ, ದುರ್ಬೀನು ಹಾಕ್ಕೊಂಡು ನನ್ನನ್ನೇ ನೋಡ್ತಿದ್ದೀಯಲ್ಲ, ನಾನೇನು ಅಷ್ಟು ದೂರದಲ್ಲಿದ್ದೀನಾ?"

"ನೀಲಿ ಗಂಟಲಿನ ಹಕ್ಕಿ ನೋಡಿದ್ರಾ ತಾತ?"

"ಈ ಚಳಿಗೆ ನನ್ನ ಗಂಟಲೇ ನೀಲಿಯಾಗಿದೆ. ಬೇಕಾದ್ರೆ ಬರ್ಕೋ."

ಸೋತು ಸುಣ್ಣವಾಗಿ, ಚರಂಡಿಯ ಪರಿಮಳ ಬೀರುತ್ತ ಮನೆಗೆ ಬಂದೆ. ಅಡುಗೆಮನೆಯಲ್ಲಿ ಹಾಲು ಉಕ್ಕುವುದನ್ನೇ ನೋಡುತ್ತ ನಿಂತಿದ್ದೆ. ಕಿಟಕಿಯಾಚೆ, ಬಚ್ಚಲ ನೀರು ಹರಿಯುವ ಕಡೆ ಏನೋ ಕುಪ್ಪಳಿಸಿತು. ಕಂದು ಮೈ. ಕಣ್ಣಿನ ಮೇಲೆ ತಿಳಿಬಣ್ಣದ ಹುಬ್ಬು. ಅದು ಕತ್ತೆತ್ತಿತು.

ನೀಲಿ!

ಬೆಳಗಿನ ಆಕಾಶದಿಂದ ಒಂದು ಚೂರು ಹರಿದು ಯಾರೋ ಅದರ ಗಂಟಲಿಗೆ ಅಂಟಿಸಿದಂಥ ನೀಲಿ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಹರಿಯಲಿ! ಕಿಟಕಿಯ ಸೊಳ್ಳೆಜಾಲರಿಯ ಮೂಲಕವೇ ಫೋನಿನಲ್ಲಿ ಚಿತ್ರ ತೆಗೆದೆ. ಅದರಲ್ಲಿ ಜಾಲರಿ ಬಹಳ ಸ್ಪಷ್ಟವಾಗಿ ಬಂದಿತ್ತು. ಹಿಂದೆ ಮಸುಕುಮಸುಕಾಗಿ ಹಕ್ಕಿಯೂ ಇತ್ತು.

ಕಾಲೇಜಿಗೆ ಓಡಿ ಪ್ರಾಣಿಶಾಸ್ತ್ರದ ಮೇಷ್ಟ್ರಿಗೆ ತೋರಿಸಿದೆ. ಮಕ್ಕಳು ಅವರನ್ನು ಬಾಟಲಿ ಮೇಷ್ಟ್ರು ಎನ್ನುತ್ತಾರೆ. ಬಾಟಲಿಯೊಳಗೆ ಔಷಧಿಯಲ್ಲಿ ಮುಳುಗಿಸಿಟ್ಟ ಪ್ರಾಣಿಯಾದರೆ ಅವರು ಕಣ್ಣುಮುಚ್ಚಿ ಹೆಸರು ಹೇಳಬಲ್ಲರು. ಓಡಾಡುವ ಪ್ರಾಣಿಗಳೊಂದಿಗೆ ಅವರಿಗೆ ಅಷ್ಟು ಸಲುಗೆಯಿಲ್ಲ.

"ಸಂಶಯವೇ ಇಲ್ಲ, ನೀಲಿಕೊರಳೇ!" ಎಂದು ಮೇಜು ಕುಟ್ಟಿದರು. "ಕಂಡುಹಿಡಿದವರು ಅನ್ನೋ ಕಡೆ ನಮ್ಮಿಬ್ಬರ ಹೆಸರೂ ಇರಬೇಕು ಮೇಡಂ. ನನ್ನದು ಮೊದಲು. ಅಕ್ಷರಮಾಲೆ ಪ್ರಕಾರ."

ನಾನು ಕೈ ಹಿಡಿದು ತಡೆಯುವ ಮೊದಲೇ ಅವರು ಚಿತ್ರವನ್ನು ಹಕ್ಕಿಪ್ರಿಯರ ಗುಂಪಿಗೆ ಕಳಿಸಿಬಿಟ್ಟರು. ಸಂಜೆಗೆ ಅಕ್ಕನ ಫೋನು.

"ಪುಟ್ಟಿ, ನಿಜವಾಗ್ಲೂ ನೀಲಿಯಾ?"

"ನಿಜವಾಗ್ಲೂ ಅಕ್ಕ."

ಅವಳ ಹಿಂದೆ ಎಲ್ಲೋ ನೀರುಹಕ್ಕಿಗಳು ಗದ್ದಲ ಮಾಡುತ್ತಿದ್ದವು.

"ಸರಿ. ಶನಿವಾರ ಬೆಳಿಗ್ಗೆ ಬರ್ತೀನಿ."

ಆ ವಾರ ನಾನು ನಡೆಯಲಿಲ್ಲ, ತೇಲಿದೆ. ಹಾಸಿಗೆ ಬಿಸಿಲಿಗೆ ಹಾಕಿದೆ. ಅವಳು ಕೂರುವಾಗ ಕಾಲು ಮಡಚಿಕೊಳ್ಳುತ್ತಾಳೆಂದು ಅಗಲವಾದ ಕುರ್ಚಿಯನ್ನು ಕಿಟಕಿಗೆ ತಂದಿಟ್ಟೆ. ಹಕ್ಕಿ ಎಲ್ಲಿ ಹಾರಿಹೋಗುತ್ತದೋ ಎಂಬ ಭಯಕ್ಕೆ ದಿನವೂ ಅಕ್ಕಿನುಚ್ಚು ಚೆಲ್ಲಿದೆ. ಹಕ್ಕಿಯೂ ಬಲು ನಿಷ್ಠೆಯಿಂದ ಬರುತ್ತಿತ್ತು. ಆದರೆ ಒಂದು ವಿಚಿತ್ರ: ಒಂದು ದಿನ ಗಾಢ ನೀಲಿ, ಇನ್ನೊಂದು ದಿನ ಮಾಸಲು.

"ಮನಸ್ಥಿತಿಗೆ ತಕ್ಕಂತೆ ಬಣ್ಣ ಬದಲಾಗುತ್ತೆ," ಎಂದರು ಬಾಟಲಿ ಮೇಷ್ಟ್ರು.

ಗುರುವಾರ ಎರಡು ಬಂದವು. ಶುಕ್ರವಾರ ಐದು! ಅದರಲ್ಲಿ ಒಂದಕ್ಕೆ ಬಾಲ ಮಾತ್ರ ನೀಲಿ.

"ಇದು ಶಾಸ್ತ್ರಕ್ಕೇ ಹೊಸದು!" ಎಂದು ಅವರು ಕುರ್ಚಿಯಿಂದ ಎದ್ದೇಬಿಟ್ಟರು.

ನಮ್ಮವರಿಗೆ ಇದ್ಯಾವುದರ ಪರಿವೆಯೂ ಇಲ್ಲ. ಅವರ ಸ್ಕೂಲಿನ ಕ್ರೀಡಾಕೂಟ ಹತ್ತಿರ ಬಂದಿತ್ತು. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಟೋಪಿ; ಅವರ ಬಿಳಿಯನ್ನು ಮುಟ್ಟುವ ಅಧಿಕಾರ ಮನೆಯಲ್ಲಿ ಬೇರೆ ಯಾರಿಗೂ ಇಲ್ಲ. ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಹಿಂದೆ ಅವರ ಪ್ರತ್ಯೇಕ ಸಾಮ್ರಾಜ್ಯ. ಅಲ್ಲಿಗೆ ನಾನು ಕಾಲಿಡುವುದಿಲ್ಲ. ಸುಖದಾಂಪತ್ಯಕ್ಕೆ ಇಂಥ ಕೆಲವು ಗಡಿಗಳು ಬೇಕು.

ಶನಿವಾರ ಬೆಳಿಗ್ಗೆ ಬಾಗಿಲು ತೆರೆದರೆ, ಅಕ್ಕನ ಮುಂದೆ ಹಿಂದೆ ಒಂದು ಜಾತ್ರೆಯೇ! ಫಿರಂಗಿಯಂಥ ಕ್ಯಾಮೆರಾ ಹೊತ್ತವರು, ಎಲೆಚಿತ್ರದ ಅಂಗಿ ತೊಟ್ಟವರು, ಒಬ್ಬರಂತೂ ನಮ್ಮ ಅಂಗಳದಲ್ಲೇ ಮಡಚುವ ಸ್ಟೂಲು ಬಿಡಿಸಿಟ್ಟು ಕಾಫಿ ಕುಡಿಯುತ್ತಿದ್ದರು. ಇವರ ನಡುವೆ ಅಕ್ಕ, ಬಿಸಿಲಿಗೆ ಕಪ್ಪಾಗಿ, ಕೂದಲು ಗಿಡ್ಡ ಮಾಡಿಕೊಂಡು. ಕಿವಿಯ ಹತ್ತಿರ ಒಂದೆರಡು ಬಿಳಿಕೂದಲು. ಫೋನಿನಲ್ಲಿ ಬಿಳಿಕೂದಲು ಕೇಳಿಸುವುದಿಲ್ಲವಲ್ಲ.

"ಎಷ್ಟು ಸೊರಗಿದ್ದೀಯೇ," ಎಂದಳು.

"ನೀನೂ," ಎಂದೆ. ಅದಕ್ಕಿಂತ ಹೆಚ್ಚು ಮಾತಾಡಲು ಬಾಟಲಿ ಮೇಷ್ಟ್ರು ಬಿಡಲಿಲ್ಲ. ಟೈ ಕಟ್ಟಿಕೊಂಡು ಬಂದಿದ್ದರು.

"ಎಲ್ಲರೂ ತಾರಸಿಗೆ ಬನ್ನಿ! ಮೇಲಿಂದ ಚೆನ್ನಾಗಿ ಕಾಣುತ್ತೆ. ಸದ್ದು ಮಾಡ್ಬೇಡಿ. ಸೂಕ್ಷ್ಮ ಜೀವಿಗಳು!"

ಬೆಕ್ಕಿನ ಹೆಜ್ಜೆಯಲ್ಲಿ ಎಲ್ಲರೂ ಮೆಟ್ಟಿಲು ಹತ್ತಿದೆವು. ನಾನು ಮುಂದೆ, ವಿಜಯಯಾತ್ರೆಯ ಮಹಾರಾಣಿಯಂತೆ. ತಾರಸಿಯ ಮೇಲೆ ಕಾಲಿಟ್ಟೆವೋ ಇಲ್ಲವೋ, ಟ್ಯಾಂಕಿನ ಹಿಂದಿನಿಂದ ಪಟಪಟ, ಚಿವ್‌ಚಿವ್ ಸದ್ದು. ಅಕ್ಕ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಇಣುಕಿದಳು. ನಾವೂ ಇಣುಕಿದೆವು.

ಅಲ್ಲಿ ಒಂದು ಅಗಲವಾದ ಪ್ಲಾಸ್ಟಿಕ್ ಟಬ್ಬು. ಅದರ ತುಂಬ, ಬಟ್ಟೆಗೆ ಹಾಕುವ ನೀಲಿ ಕದಡಿದ ನೀರು. ಟಬ್ಬಿನ ಅಂಚಿನ ಸುತ್ತ ಸಾಲಾಗಿ ಕೂತು, ಕತ್ತು ಬಗ್ಗಿಸಿ, ಗಂಟಲು ಅದ್ದಿ ಅದ್ದಿ ನೀರು ಕುಡಿಯುತ್ತಿದ್ದ ಇಡೀ ಬೀದಿಯ ಗುಬ್ಬಚ್ಚಿಗಳು! ಒಂದು ಮಾತ್ರ ಜಂಬದಿಂದ ಟಬ್ಬಿಗೆ ಬೆನ್ನುಮಾಡಿ ಕೂತು ಬಾಲ ನೆನೆಸುತ್ತಿತ್ತು.

ಶಾಸ್ತ್ರಕ್ಕೇ ಹೊಸದು.

ಅಷ್ಟರಲ್ಲಿ ಹಿಂದಿನಿಂದ, ತೋಳಿನ ಮೇಲೆ ಬಿಳಿ ಪ್ಯಾಂಟು ಹೊತ್ತು ನಮ್ಮವರು ಮೆಟ್ಟಿಲು ಹತ್ತಿಬಂದರು.

"ಏನಿದು, ನನ್ನ ಬಟ್ಟೆ ನೋಡೋಕೆ ಇಷ್ಟು ಜನ ಬಂದಿದ್ದಾರೆ?" ಎಂದವರೇ ಟಬ್ಬು ನೋಡಿ ಸೀಟಿ ಊದಿದರು. "ಹುಶ್! ದರಿದ್ರ ಗುಬ್ಬಿಗಳಾ! ವಾರದಿಂದ ನನ್ನ ನೀಲಿಯೆಲ್ಲ ಎಲ್ಲಿ ಹೋಗ್ತಿದೆ ಅಂದ್ಕೊಂಡೆ!"

ಗುಬ್ಬಿಗಳು ಬುರ್ರನೆ ಎದ್ದವು. ಬಾಟಲಿ ಮೇಷ್ಟ್ರ ಟೈಯ ಮೇಲೆ ನೀಲಿ ಚುಕ್ಕಿಗಳು ಮೂಡಿದವು.

"ಮೇಡಂ," ಎಂದರು ಅವರು ಬಹಳ ಮೆಲ್ಲಗೆ, "ಕಂಡುಹಿಡಿದವರು ಅನ್ನೋ ಕಡೆ ನಿಮ್ಮ ಹೆಸರೊಂದೇ ಇರ್ಲಿ."

ಮೊದಲು ನಕ್ಕವರು ಸ್ಟೂಲಿನವರು. ಆಮೇಲೆ ಇಡೀ ತಾರಸಿ ನಕ್ಕಿತು. ದಿನವಿಡೀ ಬಣ್ಣದ ದ್ರಾವಣಗಳ ನಡುವೆ ಕೆಲಸ ಮಾಡುವ ನಾನು, ಮನೆಯ ನೀಲಿಯನ್ನು ಗುರುತಿಸಲಾರದೆ ಕಿವಿಯವರೆಗೂ ಕೆಂಪಾಗಿದ್ದೆ. ಜನ ಇಳಿದು ಹೋದರು. ಟ್ಯಾಂಕಿನ ನೆರಳಲ್ಲಿ ನಾವಿಬ್ಬರೇ ಉಳಿದೆವು. ನಗು ನನಗೇನೂ ದೊಡ್ಡದಾಗಿರಲಿಲ್ಲ. ಹಕ್ಕಿ ಇಲ್ಲ ಅಂದಮೇಲೆ ಅಕ್ಕನೂ ಇಲ್ಲ. ನನ್ನ ಲೆಕ್ಕ ಅಷ್ಟೇ.

"ಸಂಜೆ ಬಸ್ಸಿಗೇ ಹೋಗ್ತೀಯಾ?" ನೆಲ ನೋಡುತ್ತ ಕೇಳಿದೆ.

"ಎಲ್ಲಿ ಹೋಗೋದು!" ಅಕ್ಕ ನೆಲದ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದಳು. "ನಿಜವಾದ ಹಕ್ಕಿಯಾಗಿದ್ರೆ ನೋಡಿದ ಕೂಡಲೇ ಹೊರಡ್ಬೇಕಿತ್ತು. ಸುಳ್ಳು ಹಕ್ಕಿದು ಹಾಗಲ್ಲ. ಸುದ್ದಿ ಹರಡಿಬಿಟ್ಟಿದೆ. ಎರಡು ದಿನ ಇದ್ದು, ಇಲ್ಲಿನ ಜೊಂಡೆಲ್ಲ ಜಾಲಾಡಿ, ಇಲ್ಲ ಅಂತ ಖಾತ್ರಿ ಮಾಡ್ಕೊಂಡೇ ಹೋಗ್ಬೇಕು. ಇರೋದನ್ನ ಇದೆ ಅನ್ನೋದು ಸುಲಭ ಪುಟ್ಟಿ. ಇಲ್ಲದ್ದನ್ನ ಇಲ್ಲ ಅನ್ನೋಕೆ ಟೈಮು ಬೇಕು."

ನನಗೆ ಆ ಗುಬ್ಬಿಗಳನ್ನೆಲ್ಲ ಎತ್ತಿ ಮುದ್ದಾಡಬೇಕೆನಿಸಿತು.

ಅಕ್ಕ ಮೊದಲು ಮಾಡಿದ ಕೆಲಸವೆಂದರೆ ಟಬ್ಬಿಗೆ ಮುಚ್ಚಳ ಹಾಕಿಸಿದ್ದು. "ಡ್ರಿಲ್ ಸಾಹೇಬ್ರೇ, ಪಕ್ಕದಲ್ಲಿ ಒಂದು ತಟ್ಟೆ ಒಳ್ಳೆ ನೀರಿಡಿ. ಪಾಪ, ಬಾಯಾರಿ ಕುಡಿದಿವೆ." ನಮ್ಮವರು ಅಟೆನ್ಶನ್‌ನಲ್ಲಿ ನಿಂತು ಇಟ್ಟರು. ನನಗೆ ಗೇಟಿನ ಡ್ಯೂಟಿ. ಸುದ್ದಿ ತಡವಾಗಿ ಮುಟ್ಟಿದವರು ಬರುತ್ತಲೇ ಇದ್ದರಲ್ಲ! "ಗುಬ್ಬಿ ಸಾರ್. ಬರೀ ಗುಬ್ಬಿ. ಕ್ಷಮಿಸಿ," ಎಂದು ಗಂಟಲು ಹರಿದುಕೊಂಡೆ. ದೂರದಿಂದ ಬಂದ ದಂಪತಿ ಮಾತ್ರ ಹೋಗಲೊಲ್ಲರು. "ಗುಬ್ಬೀನೇ ತೋರಿಸಮ್ಮ," ಎಂದರು ಆಕೆ. "ನಮ್ಮ ಬೀದೀಲಿ ಅವೂ ಬರೋದು ಬಿಟ್ಟಿವೆ." ಇಬ್ಬರೂ ಕಿಟಕಿಯ ಅಗಲ ಕುರ್ಚಿಯಲ್ಲಿ ಒತ್ತಿಕೊಂಡು ಕೂತು, ಸದ್ದಿಲ್ಲದೆ ನೋಡಿ, ಎದ್ದು ಹೋದರು.

ಎರಡು ಮುಂಜಾವು ಅಕ್ಕನ ಹಿಂದೆ ಜೊಂಡಿನಲ್ಲಿ ನಡೆದೆ. ಅವಳು ಗಕ್ಕನೆ ನಿಂತು ನನ್ನ ಗಲ್ಲ ಹಿಡಿದು ತಿರುಗಿಸುತ್ತಾಳೆ: "ಅಗೋ, ಆ ಬುಡದಲ್ಲಿ." ಕಂಡಿತು ಅಂದರೆ ಕೈ ತೆಗೆಯುತ್ತಾಳೆ. ಅದಕ್ಕೇ ನಾನು ಬೇಗ ಕಂಡಿತು ಅನ್ನುತ್ತಿರಲಿಲ್ಲ. ನೀಲಿಕೊರಳು ಅಲ್ಲೆಲ್ಲೂ ಇರಲಿಲ್ಲ. ಇಲ್ಲವೆಂದು ನಾವು ಬಹಳ ನಿಧಾನವಾಗಿ ಖಾತ್ರಿ ಮಾಡಿಕೊಂಡೆವು.

ಸೋಮವಾರ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ಕಿಟಕಿ ಪಕ್ಕದ ಸೀಟು ಹಿಡಿದು ಕೂತಳು. ನಾನು ಕೆಳಗೆ ನಿಂತು ಕಿಟಕಿಯ ಸರಳು ಹಿಡಿದುಕೊಂಡಿದ್ದೆ. ಚಾಲಕ ಬಸ್ಸು ಶುರು ಮಾಡಿದ.

"ಮುಂದಿನ ಚಳಿಗಾಲಕ್ಕೆ?" ಎಂದೆ.

ಅಕ್ಕ ಹೊರಗೆ ಬಗ್ಗಿ, ಯಾರಾದರೂ ಕೇಳಿಸಿಕೊಂಡಾರೆಂದು ಅತ್ತಿತ್ತ ನೋಡಿದಳು. "ಫೋಟೋ ನೋಡಿದಾಗಲೇ ಗುಬ್ಬಿ ಅಂತ ಗೊತ್ತಾಯ್ತು ಕಣೇ. ಇಷ್ಟು ಕಷ್ಟಪಟ್ಟು ಬಣ್ಣ ಹಚ್ಚಿ ಕರೀತಿದ್ದಾಳೆ, ಬರದೇ ಇದ್ರೆ ಹೇಗೆ ಅಂತ ಬಂದೆ. ಟಬ್ಬು ಟ್ಯಾಂಕಿನ ಹಿಂದೆ ಬಚ್ಚಿಟ್ಟದ್ದು ಚೆನ್ನಾಗಿತ್ತು, ಡ್ರಿಲ್ ಸಾಹೇಬ್ರ ನಾಟಕವೂ. ಆದ್ರೆ ಮುಂದಿನ ಸಲ ನೀಲಿ ಬೇಡ. ನೀಲಿ ಈಗ ಎಲ್ರಿಗೂ ಗೊತ್ತಾಗಿದೆ. ಹಳದಿ ನೋಡು."

ಬಸ್ಸು ಹೊರಟಿತು. ಹಚ್ಚಿದ್ದು ನಾನಲ್ಲ ಎಂದು ಕೂಗಿ ಹೇಳುವಷ್ಟು ಹತ್ತಿರದಲ್ಲಿ ಇನ್ನೂ ಇತ್ತು. ಆದರೆ ಇಷ್ಟು ವರ್ಷ ಕಾದೂ ಕಾದೂ ಇಂಥ ಸುಲಭದ ಉಪಾಯ ನನಗೆ ಹೊಳೆದೇ ಇರಲಿಲ್ಲ ಅಂತ ಅಕ್ಕನಿಗೆ ಯಾವ ಬಾಯಲ್ಲಿ ಹೇಳಲಿ!