ಗಟ್ಟಿಮೇಳಕ್ಕೆ ಕುಣಿದ ದೀಪಗಳು

ವಿಮಾನಪುರದ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ವಿಮಾನದ ಹೊಟ್ಟೆಯೊಳಗೆ ವೈರ್ ಎಳೆದವನು ನಾನು. ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ನಾನು ಎಳೆದ ವೈರಿನಿಂದ ಯಾವ ವಿಮಾನವೂ ಕೆಳಗೆ ಬಿದ್ದಿಲ್ಲ. ಅಂಥವನಿಗೆ, ನಿಂತಲ್ಲೇ ನಿಂತಿರುವ ಒಂದು ಮದುವೆ ಮಂಟಪಕ್ಕೆ ನಾಲ್ಕು ದೀಪ ಹಾಕಿಸುವುದು ಯಾವ ದೊಡ್ಡ ಕೆಲಸ? ಹೀಗೆಂದುಕೊಂಡೇ ಹೊರಟೆ. ಈಗ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಮಾಡಿದ ಪಾಪವನ್ನು ಬರೆದಾದರೂ ತೊಳೆದುಕೊಳ್ಳೋಣವೆಂದು ಕೂತಿದ್ದೇನೆ.

ಮದುವೆ ನನ್ನ ಅಕ್ಕ ಮುನಿಯಮ್ಮನ ಕೊನೆಯ ಮೊಮ್ಮಗಳದು. ಹಲಸೂರಿನ ಒಂದು ಛತ್ರದಲ್ಲಿ. ಅಕ್ಕನಿಗೆ ಎಂಬತ್ತು ದಾಟಿದೆ. ಮಂಡಿ ನೋವು, ವೇದಿಕೆಯ ಮೆಟ್ಟಿಲು ಹತ್ತಲಾರಳು. ಮದುವೆಗೆ ತಿಂಗಳಿರುವಾಗ ನನ್ನ ಕೈ ಹಿಡಿದುಕೊಂಡು ಹೇಳಿದಳು:

"ಲೋ ರಾಜ, ದೊಡ್ಡ ಮೊಮ್ಮಗಳಿಗೆ ತಾಳಿ ಕಟ್ಟಿದ್ದು ನೋಡ್ಲಿಲ್ಲ. ಎರಡನೇದಕ್ಕೂ ನೋಡ್ಲಿಲ್ಲ. ಎರಡು ಸಲಾನೂ ಕಂಡಿದ್ದು ಬರೀ ಫೋಟೋದೋರ ಬೆನ್ನು! ಒಬ್ಬನ ಪ್ಯಾಂಟಿನ ಜೇಬಲ್ಲಿ ಬಾಚಣಿಗೆ ಇತ್ತು ನೋಡು, ಅದೊಂದು ಇವತ್ತಿಗೂ ನೆನಪಿದೆ. ಇನ್ನು ಇದೇ ಕೊನೇದು ಕಣೋ. ಕೂತಲ್ಲಿಂದ್ಲೇ ನನಗೆ ಮೂರು ಗಂಟು ಕಾಣ್ಬೇಕು."

"ಕಾಣಿಸ್ತೀನಿ ಅಕ್ಕ! ಬೆಳಕಿನ ಜವಾಬ್ದಾರಿ ನನ್ನದು!" ಎಂದು ಎದೆ ತಟ್ಟಿಕೊಂಡೆ.

ಮನೆಗೆ ಬಂದ ಮೇಲೆ ನನ್ನ ಹೆಂಡತಿ ಸರೋಜ ಕೇಳಿದಳು. "ಅಲ್ಲಾ ರೀ, ಅಡ್ಡ ನಿಲ್ಲೋದು ಫೋಟೋದೋರು. ನೀವು ಬೆಳಕು ಜಾಸ್ತಿ ಮಾಡಿದ್ರೆ ಅವರ ಬೆನ್ನು ಇನ್ನೂ ಚೆನ್ನಾಗಿ ಕಾಣುತ್ತೆ, ಅಷ್ಟೇ ತಾನೆ?"

ಕೇಳಿದ್ದು ನ್ಯಾಯವಾದ ಪ್ರಶ್ನೆ. ಆದ್ದರಿಂದ "ನಿನಗೆ ಇದೆಲ್ಲ ಗೊತ್ತಾಗಲ್ಲ" ಎಂದೆ.

ಮರುದಿನವೇ ಶಿವಾಜಿನಗರಕ್ಕೆ ಹೋದೆ. ಅಲ್ಲಿ ನನ್ನ ನಲವತ್ತು ವರ್ಷದ ಗೆಳೆಯ ಬಶೀರ್ ದೀಪದ ಅಲಂಕಾರದ ಅಂಗಡಿ ಇಟ್ಟಿದ್ದಾನೆ. ಒಂದು ಕಾಲದಲ್ಲಿ ಬಣ್ಣದ ಸೀರಿಯಲ್ ಸೆಟ್ಟಿನಲ್ಲಿ ನವಿಲು, ಗೋಪುರ ಬಿಡಿಸುತ್ತಿದ್ದವನು. ಈಗ ಅವನ ಅಂಗಡಿಯನ್ನು ನೋಡಬೇಕು! ಛತ್ರಿಯ ಹಾಗೆ ಮಡಚಿಡುವ ತೂಗುದೀಪ, ಕೋಲಿನುದ್ದಕ್ಕೂ ಬಣ್ಣ ಹರಿಯುವ ದೀಪ, ಹೂವಿನ ಕಂಬದೊಳಗೆ ಅವಿತು ಕೂರುವ ದೀಪ. ಎಲ್ಲಕ್ಕಿಂತ ನನ್ನ ಮನಸ್ಸು ಕದ್ದದ್ದು ಕತ್ತು ಆಡಿಸುವ ದೀಪ. ಕರಿಯ ಪೀಠ, ಎರಡು ತೋಳು, ನಡುವೆ ಒಂದು ತಲೆ. ಆ ತಲೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತನ್ನಿಷ್ಟದಂತೆ ತಿರುಗುತ್ತದೆ. ನನ್ನ ತಲೆಗೆ ಮನೆಯಲ್ಲಿ ಆ ಸ್ವಾತಂತ್ರ್ಯವಿಲ್ಲ.

"ಇದೇ ನಾಲ್ಕು ಬೇಕು" ಎಂದೆ.

"ಅರೆ ಅಣ್ಣಾ, ಇದು ಕಾಲೇಜ್ ಫಂಕ್ಷನ್‌ಗೆ, ಡ್ಯಾನ್ಸಿಗೆ! ಮುಹೂರ್ತಕ್ಕೆ ಎರಡು ಬಿಳೀ ಲೈಟ್ ಸಾಕು. ನಾನೇ ಬಂದು ನಿಂತ್ಕೊಂಡು ನೋಡ್ಕೋತೀನಿ."

"ನೀನು ಮದುವೆಗೆ ಬರೋದು ನೆಂಟನಾಗಿ. ಇಸ್ತ್ರಿ ಶರ್ಟ್ ಹಾಕ್ಕೊಂಡು ಕೂತ್ಕೊ. ವಿನ್ಯಾಸ ನಂದು!"

ಹೀಗೆ ಹೇಳಿ, ಮದುವೆಯ ಕರೆಯೋಲೆಯ ಹಿಂಭಾಗದಲ್ಲಿ ನನ್ನ ವಿನ್ಯಾಸವನ್ನು ಬರೆದು ತೋರಿಸಿದೆ. ಮಂಟಪದ ನಾಲ್ಕು ಕಂಬದ ಮೇಲೆ ನಾಲ್ಕು ದೀಪ, ನಾಲ್ಕೂ ವಧೂವರರ ಕಡೆ. ಬಶೀರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಣ್ಣಾ, ಈ ಮೇಜಿಗೆ ಯಾಕೆ ದೀಪ?"

"ಮೇಜಲ್ಲಯ್ಯಾ, ಅದೇ ಮಂಟಪ!"

ಮದುವೆಯ ಹಿಂದಿನ ದಿನ ಅವನೇ ಬಂದು ದೀಪಗಳನ್ನು ಕೂರಿಸಿದ. ಮೊದಲನೆಯ ದೀಪ ಮಾಡಿದ್ದನ್ನೇ ಉಳಿದ ಮೂರೂ ಮಾಡುವಂತೆ ವೈರ್ ಕೊಟ್ಟ. ನಾಲ್ಕೂ ಕದಲದೆ ಹಸೆಮಣೆಯ ಮೇಲೆ ತಿಳಿ ಬಿಳಿ ಬೆಳಕು ಚೆಲ್ಲಿದವು. ಹೊರಡುವಾಗ ಹೇಳಿದ: "ಅಣ್ಣಾ, ಹಿಂದ್ಗಡೆ ನಾಲ್ಕು ಬಟನ್ ಇದೆ. ಖುದಾ ಕೀ ಕಸಮ್, ಅದನ್ನ ಮುಟ್ಬೇಡಿ."

ಮುಟ್ಟಬೇಡ ಎಂದ ಮೇಲೆ ಕೈ ಸುಮ್ಮನಿರುತ್ತದೆಯೇ! ಮದುವೆಯ ದಿನ ಬೆಳಗ್ಗೆ ಆರಕ್ಕೆ ಮಂಟಪದ ಬಳಿ ಯಾರೂ ಇರಲಿಲ್ಲ. ಕತ್ತಿರುವ ದೀಪ ಕತ್ತು ಆಡಿಸದೆ ನಿಂತಿರುವುದು ನನಗೆ ಅನ್ಯಾಯವೆನಿಸಿತು. ಸ್ಟೂಲ್ ಹತ್ತಿ ಮೊದಲನೆಯ ದೀಪದ ಬೆನ್ನಿನ ಗುಂಡಿ ಒತ್ತಿದೆ. ಪುಟ್ಟ ಪರದೆಯ ಮೇಲೆ ಏನೋ ಅಕ್ಷರ ಬಂತು. ಕನ್ನಡಕ ಮನೆಯಲ್ಲಿತ್ತು. ಇನ್ನೊಮ್ಮೆ ಒತ್ತಿದೆ. ಬೆಳಕು ತುಸು ನೀಲಿಯಾಗಿ, ಬಹಳ ಚೆಂದವಾಗಿ ನಿಂತಿತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಯಾರೋ ದೊಡ್ಡ ಪಾತ್ರೆಯೊಂದನ್ನು ಬೀಳಿಸಿದರು. ನಾಲ್ಕು ದೀಪಗಳೂ ಒಮ್ಮೆಲೇ ಬೆಚ್ಚಿಬಿದ್ದು ಕತ್ತು ತಿರುಗಿಸಿದವು!

ವೋಲ್ಟೇಜ್ ಎಂದುಕೊಂಡೆ. ಮೂವತ್ತೈದು ವರ್ಷದ ಅನುಭವ!

ವೋಲ್ಟೇಜ್ ಅಲ್ಲ. ಈ ದೀಪಕ್ಕೆ ಕಿವಿಯಿದೆ. ಡ್ಯಾನ್ಸಿನ ಹಾಡಿಗೆ ತಾನೇ ಕುಣಿಯಲೆಂದು ಅದರ ಹೊಟ್ಟೆಯಲ್ಲೊಂದು ಮೈಕು ಇಟ್ಟಿರುತ್ತಾರೆ. ನಾನು ಒತ್ತಿದ್ದು ಆ ಕಿವಿ ತೆರೆಯುವ ಗುಂಡಿಯನ್ನು. ಇದು ನನಗೆ ಗೊತ್ತಾದದ್ದು ಆಮೇಲೆ. ಎಲ್ಲರಿಗೂ ಗೊತ್ತಾದ ಮೇಲೆ!

ಪುರೋಹಿತರು ಮೈಕಿನಲ್ಲಿ ಮಾಂಗಲ್ಯ ಪೂಜೆ ಶುರು ಮಾಡಿದರು. ಮೊದಲ 'ನಮಃ'ಗೆ ಅವರ ಮುಖ ಕೆಂಪಾಯಿತು. ಎರಡನೆಯ 'ನಮಃ'ಗೆ ಹಸಿರು. ಮೂರನೆಯದಕ್ಕೆ ಹಳದಿ. ಸ್ವಲ್ಪ ಹೊತ್ತು ಸಹಿಸಿಕೊಂಡು, ಕೊನೆಗೆ ಮೈಕಿನಲ್ಲೇ ಕೇಳಿದರು. "ಯಾರ್ರೀ ಅದು, ನನ್ನನ್ನ ಟ್ರಾಫಿಕ್ ಸಿಗ್ನಲ್ ಮಾಡಿರೋದು?"

ಸಭೆ ಗೊಳ್ಳೆಂದಿತು. ಆ ನಗುವಿಗೆ ದೀಪಗಳು ಇನ್ನೊಂದು ಸುತ್ತು ತಿರುಗಿದವು. ವಧುವಿನ ತಂದೆ, ಅಂದರೆ ಅಕ್ಕನ ಮಗ ಮಂಜುನಾಥ, ಪಂಚೆ ಎತ್ತಿಕೊಂಡು ಓಡಿ ಬಂದ.

"ಮಾವ! ಏನಿದು? ಬೀಗರು ನೋಡ್ತಿದಾರೆ!"

ನನ್ನ ಪಾಪ ಇಲ್ಲಿದೆ. ನಾನು ಹೇಳಿದೆ: "ನಂದೇನಿಲ್ಲಪ್ಪ. ಆ ಬಶೀರ್ ಯಾವುದೋ ಕೆಟ್ಟ ದೀಪ ಕೊಟ್ಬಿಟ್ಟಿದಾನೆ."

ತಿರುಗಿ ನೋಡಿದರೆ ಮೂರನೆಯ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ, ಬಶೀರ್ ಕೂತಿದ್ದ. ಕೇಳಿಸಿಕೊಂಡಿದ್ದ. ದೀಪಕ್ಕಿಂತ ಹೆಚ್ಚು ಬಣ್ಣ ನನ್ನ ಮುಖದಲ್ಲಿ ಬದಲಾಯಿತು.

ದೀಪ ಆರಿಸಿಯೇ ಬಿಡೋಣವೆಂದು ನಿರ್ಧರಿಸಿದೆ. ಸ್ವಿಚ್ಚು ಇದ್ದದ್ದು ಸಭಾಂಗಣದ ಆ ತುದಿಯಲ್ಲಿ, ಛತ್ರದ ಎಲೆಕ್ಟ್ರಿಷಿಯನ್ ಬಳಿ. ಕೂಗಿದರೆ ದೀಪ ಮತ್ತೆ ಕುಣಿದೀತೆಂದು ವೇದಿಕೆಯ ಪಕ್ಕದಲ್ಲಿ ನಿಂತು, ಬಲಗೈ ಮೇಲೆತ್ತಿ, 'ಆರಿಸು' ಎಂದು ಬೆರಳು ಆಡಿಸಿದೆ.

ಮದುವೆಯಲ್ಲಿ ಹಿರಿಯರೊಬ್ಬರು ವೇದಿಕೆಯ ಪಕ್ಕ ನಿಂತು ಕೈ ಎತ್ತಿ ಬೆರಳು ಆಡಿಸಿದರೆ ಅದಕ್ಕೆ ಒಂದೇ ಅರ್ಥ. ವಾಲಗದ ಯಜಮಾನರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಗಟ್ಟಿಮೇಳ!

ಡೋಲು ಸಿಡಿಯಿತು. ನಾಗಸ್ವರ ಕಿವಿ ಸೀಳಿತು. ಇಡೀ ಸಭೆ ಎದ್ದು ನಿಂತು ಅಕ್ಷತೆ ಎರಚಿತು. ವರ ಗಾಬರಿಯಾಗಿ ತನ್ನ ಎರಡೂ ಕೈ ನೋಡಿಕೊಂಡ. ಬರಿಗೈ! ಏಕೆಂದರೆ ತಾಳಿ ಆಗಿನ್ನೂ ತೆಂಗಿನಕಾಯಿಯ ಮೇಲೆ ಕೂತು, ತಟ್ಟೆಯಲ್ಲಿ ಹಿರಿಯರ ಆಶೀರ್ವಾದ ಪಡೆಯುತ್ತಾ ಸಭೆಯಲ್ಲಿ ಸುತ್ತುತ್ತಿತ್ತು. ಆ ಕ್ಷಣದಲ್ಲಿ ಅದು ಮೊದಲ ಸಾಲಿನಲ್ಲಿದ್ದ ಅಕ್ಕನ ಕೈಯಲ್ಲಿತ್ತು. ಹಿಂದಿನ ಸಾಲುಗಳಿಂದ ಎಸೆದ ಅಕ್ಷತೆಯೆಲ್ಲ ವೇದಿಕೆ ತಲುಪದೆ ಅಕ್ಕನ ತಲೆಯ ಮೇಲೆ ಸುರಿಯಿತು.

"ಅಯ್ಯೋ ರಾಜ! ಈ ವಯಸ್ಸಲ್ಲಿ ನನಗೆ ಇನ್ನೊಂದು ಮದ್ವೆ ಮಾಡಿಸ್ಬಿಟ್ಯಲ್ಲೋ!"

ಪಕ್ಕದಲ್ಲಿ ತೂಕಡಿಸುತ್ತಿದ್ದ ಭಾವ ಎಚ್ಚರಗೊಂಡು ಕೇಳಿದರು. "ಹುಡುಗ ಯಾರು?"

ಇತ್ತ ದೀಪಗಳಿಗೆ ಹುಚ್ಚು ಹಿಡಿದಿತ್ತು. ಗಟ್ಟಿಮೇಳದಂಥ ಹಾಡನ್ನು ಅವು ಹುಟ್ಟಿದಾಗಿನಿಂದ ಕೇಳಿರಲಿಲ್ಲ! ಈಟಿಯಂಥ ಬೆಳಕು ನಾಲ್ಕೂ ದಿಕ್ಕಿನಿಂದ ತಿರುಗಿ, ಹಸೆಮಣೆಯ ಸುತ್ತ ಗೋಡೆ ಕಟ್ಟಿ ನಿಂತಿದ್ದ ಆರು ಜನ ಫೋಟೋ, ವಿಡಿಯೋದವರ ಕಣ್ಣಿಗೇ ಹೊಡೆಯಿತು. "ಸಾರ್, ಕಣ್ಣು!" "ಗುರು, ಕ್ಯಾಮೆರಾ ಹೋಗುತ್ತೆ, ಇಳಿಯೋ!" ಎನ್ನುತ್ತಾ ಆರೂ ಜನ ಮೆಟ್ಟಿಲಿಳಿದು ಕಂಬದ ಮರೆ ಸೇರಿದರು.

ಪುರೋಹಿತರು ಎರಡೂ ಕೈ ಬೀಸಿ ವಾಲಗ ನಿಲ್ಲಿಸಿದರು. "ಮುಹೂರ್ತಕ್ಕೆ ಇನ್ನೂ ಹತ್ತು ನಿಮಿಷ ಇದೆ. ಇದು ರಿಹರ್ಸಲ್ ಅಂತ ತಿಳ್ಕೊಳ್ಳಿ. ಎಲ್ಲರೂ ಇನ್ನೊಂದು ಸಲ ಅಕ್ಷತೆ ತಗೊಳ್ಳಿ!"

ನಾನು ಕಲ್ಲಾಗಿದ್ದೆ. ಆಗ ಮೂರನೆಯ ಸಾಲಿನಿಂದ ಬಿಳಿ ಶರ್ಟು ಎದ್ದಿತು. ಬಶೀರ್ ನನ್ನ ಮುಖವನ್ನೂ ನೋಡದೆ ಸ್ಟೂಲ್ ಹತ್ತಿದ, ಒಂದೇ ಗುಂಡಿಯನ್ನು ಒತ್ತಿದ, ಇಳಿದು ಹೋಗಿ ಕೂತ. ನಾಲ್ಕೂ ದೀಪ ಶಾಂತವಾಗಿ ಹಸೆಮಣೆಯ ಮೇಲೆ ಬೆಳದಿಂಗಳು ಸುರಿದವು.

ಮುಹೂರ್ತ ಬಂತು. ಈ ಸಲ ಪುರೋಹಿತರೇ ಕೈ ಎತ್ತಿದರು. ವಾಲಗ ಮೊಳಗಿತು. ದೀಪ ಕದಲಲಿಲ್ಲ. ಆದರೆ ಅದು ಯಾವಾಗ ಕುಣಿಯುತ್ತದೋ ಎಂಬ ಭಯದಲ್ಲಿ ಫೋಟೋದವರೂ ಕಂಬ ಬಿಟ್ಟು ಕದಲಲಿಲ್ಲ! ವಧೂವರರ ಮುಂದೆ ಒಂದೇ ಒಂದು ಬೆನ್ನಿರಲಿಲ್ಲ. ಕೊನೆಯ ಸಾಲಿನ ಕೊನೆಯ ಕುರ್ಚಿಗೂ ಆ ಹುಡುಗಿಯ ಕೊರಳು ಕಾಣುತ್ತಿತ್ತು. ಅಕ್ಕ ಗಟ್ಟಿಯಾಗಿ ಎಣಿಸಿದಳು.

"ಒಂದು... ಎರಡು... ಮೂರು! ನೋಡ್ದೆ ಕಣೋ ರಾಜ! ಮೂರು ಗಂಟೂ ನೋಡ್ದೆ!"

ಅಳುತ್ತಾ ನಗುತ್ತಿದ್ದಳು. ಸಭೆಯೆಲ್ಲ ಚಪ್ಪಾಳೆ. ಬೀಗರ ಕಡೆಯ ಹಿರಿಯರು ನನ್ನನ್ನು ಹುಡುಕಿಕೊಂಡು ಬಂದರು. "ಎಷ್ಟೋ ಮದುವೆ ನೋಡಿದೀವಿ ಸ್ವಾಮಿ, ತಾಳಿ ಕಟ್ಟಿದ್ದನ್ನ ಇವತ್ತೇ ನೋಡಿದ್ದು! ಫೋಟೋದೋರನ್ನ ಇಳಿಸೋದಕ್ಕೆ ಎಂಥಾ ಪ್ಲ್ಯಾನ್ ರೀ ನಿಮ್ಮದು!" ಎಂದು ನನಗೆ ಶಾಲು ಹೊದಿಸಿದರು.

ನಾನೂ ಹೊದ್ದುಕೊಂಡೆ! 'ಏನೋ ನಮ್ಮ ಕೈಲಾದದ್ದು' ಎಂದು ಕೈ ಮುಗಿದೆ ಕೂಡ. ಮೂರನೆಯ ಸಾಲಿನಲ್ಲಿ ಬಶೀರ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ. ಆ ಚಪ್ಪಾಳೆ ನನ್ನ ಕೆನ್ನೆಗೆ ಬಿದ್ದ ಹಾಗಾಯಿತು.

ಊಟದ ಪಂಕ್ತಿಯಲ್ಲಿ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟೆ. ಎದ್ದು ಹೋಗಿ, ಅಕ್ಕ, ಮಂಜುನಾಥ, ಬೀಗರು ಎಲ್ಲರೂ ಇದ್ದ ಕಡೆಯೇ ಬಶೀರನ ಹೆಗಲಿಗೆ ಶಾಲು ಹಾಕಿದೆ. "ದೀಪ ಕೆಟ್ಟಿರ್ಲಿಲ್ಲ. ಕೆಡಿಸಿದ್ದು ನಾನು. ಸರಿ ಮಾಡಿದ್ದು ಇವನು. ಪ್ಲ್ಯಾನ್ ಯಾರದೂ ಅಲ್ಲ" ಎಂದೆ.

ಬಶೀರ್ ಶಾಲು ಸರಿಪಡಿಸಿಕೊಂಡ. "ಇರ್ಲಿ ಬಿಡಿ ಅಣ್ಣಾ. ನೀವು ಬಟನ್ ಮುಟ್ಟೇ ಮುಟ್ತೀರಾ ಅಂತ ನನಗೆ ಗೊತ್ತಿತ್ತು. ಅದಕ್ಕೇ ಊಟದ ಹಾಲ್ ಹತ್ರ ಕೂರ್ದೆ ಸ್ಟೇಜ್ ಹತ್ರ ಕೂತಿದ್ದೆ."

ಅಕ್ಕ ನನ್ನ ಕೆನ್ನೆ ಸವರಿದಳು. "ಯಾರು ಮಾಡಿದ್ರೇನು, ನನಗೆ ಕಾಣಿಸ್ತಲ್ಲ. ಮಾತು ಉಳಿಸ್ಕೊಂಡೆ ಕಣೋ."

ಅಂದಿನಿಂದ ನಮ್ಮ ಬಳಗದಲ್ಲಿ ನನ್ನ ಗೌರವವೇ ಬೇರೆ. ಕೆ.ಆರ್. ಪುರದಿಂದ ಸಿ.ವಿ. ರಾಮನ್ ನಗರದವರೆಗೆ ಯಾರದೇ ಮದುವೆಯಿರಲಿ, ಮುಹೂರ್ತಕ್ಕೆ ಐದು ನಿಮಿಷವಿರುವಾಗ ಯಾರಾದರೊಬ್ಬರು ಓಡಿ ಬಂದು, ಹನ್ನೊಂದು ತೆಂಗಿನಕಾಯಿ ತುಂಬಿದ ಹಿತ್ತಾಳೆ ತಟ್ಟೆಯನ್ನು ನನ್ನ ಎರಡೂ ಕೈಗೆ ಕೊಟ್ಟು, "ಹಿರೀಕರು, ನೀವೇ ಹಿಡ್ಕೊಂಡಿರಬೇಕು" ಎನ್ನುತ್ತಾರೆ. ತಾಳಿ ಕಟ್ಟಿ ಮುಗಿದ ಮೇಲೆ ವಾಪಸು ತೆಗೆದುಕೊಳ್ಳುತ್ತಾರೆ. ಆರು ಮದುವೆಗಳಲ್ಲಿ ಎದೆಯುಬ್ಬಿಸಿ ಹಿಡಿದಿದ್ದೇನೆ.

ಮೊನ್ನೆ ತೋಳಿಗೆ ಎಣ್ಣೆ ಹಚ್ಚುತ್ತಾ ಸರೋಜ ಹೇಳಿದಳು.

"ಅದು ಮರ್ಯಾದೆ ಅಲ್ಲ ರೀ. ನೀವು ಕೈ ಎತ್ತಬಾರ್ದು ಅಂತ."